ಪಿಯುಗೆ ಯಾವ ಕಾಂಬಿನೇಷನ್? ಕಷ್ಟ ಎಷ್ಟು ಅಂತ ಸೇರುವ ಮೊದಲೇ ಅಳೆಯುವುದು ಹೇಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನದಿಂದ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ. "ಪಿಸಿಎಂಬಿ ತುಂಬಾ ಕಷ್ಟನಾ?" "560 ಬಂದಿದೆ, ಕಾಮರ್ಸ್‌ಗೆ ಹಾಕಿದರೆ ವೇಸ್ಟ್ ಅಲ್ವಾ?" "ಮ್ಯಾಥ್ಸ್ ಇಲ್ಲದ ಸೈನ್ಸ್ ಇದೆಯಾ?" "ಯಾವುದು ಸುಲಭ, ಅದನ್ನು ಹೇಳಿಬಿಡಿ."

ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಗೊತ್ತಿಲ್ಲ ಅಂತಲ್ಲ, ನಿಮ್ಮ ಪರವಾಗಿ ಅದನ್ನು ಯಾರೂ ಹೇಳಲಾರರು. ಪಕ್ಕದ ಮನೆಯ ಹುಡುಗನಿಗೆ ಕೆಮಿಸ್ಟ್ರಿ ಕಬ್ಬಿಣದ ಕಡಲೆ ಆಗಿದ್ದರೆ ಅದು ಅವನ ಹಲ್ಲಿನ ವಿಷಯ. ನಿಮ್ಮ ಹಲ್ಲು ಹೇಗಿದೆ ಅಂತ ನೀವೇ ಕಚ್ಚಿ ನೋಡಬೇಕು. ಅದಕ್ಕೆ ಎರಡು ವಾರ ಸಾಕು. ಫಲಿತಾಂಶಕ್ಕೂ ಕಾಲೇಜು ಶುರುವಾಗುವುದಕ್ಕೂ ನಡುವೆ ಅಷ್ಟು ದಿನ ಸಿಕ್ಕೇ ಸಿಗುತ್ತದೆ. ಆ ಎರಡು ವಾರ ಏನು ಮಾಡಬೇಕು ಅನ್ನುವುದೇ ಈ ಲೇಖನ.

ಹೊಸಬರಿಗಾಗಿ ಮೊದಲು ನಾಲ್ಕು ಮಾತು. ಪಿಯುಸಿಯಲ್ಲಿ ಒಟ್ಟು ಆರು ವಿಷಯ. ಎರಡು ಭಾಷೆ, ನಾಲ್ಕು ಐಚ್ಛಿಕ. ಐಚ್ಛಿಕ ಅಂದರೆ ನೀವು ಆರಿಸಿಕೊಳ್ಳುವ ವಿಷಯ. ಆದರೆ ಒಂದೊಂದಾಗಿ ಆರಿಸುವ ಹಾಗಿಲ್ಲ, ನಾಲ್ಕನ್ನು ಕಟ್ಟು ಕಟ್ಟಿ ಕೊಡುತ್ತಾರೆ. ಆ ಕಟ್ಟಿಗೆ ಕಾಂಬಿನೇಷನ್ ಅನ್ನುತ್ತಾರೆ. ಹೆಸರೆಲ್ಲ ಮೊದಲಕ್ಷರಗಳು. ಪಿಸಿಎಂಬಿ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಕೊನೆಯ ಬಿ ಜಾಗದಲ್ಲಿ ಸಿ ಇದ್ದರೆ ಕಂಪ್ಯೂಟರ್ ಸೈನ್ಸ್, ಇ ಇದ್ದರೆ ಎಲೆಕ್ಟ್ರಾನಿಕ್ಸ್, ಎಸ್ ಇದ್ದರೆ ಸ್ಟ್ಯಾಟಿಸ್ಟಿಕ್ಸ್. ಕಾಮರ್ಸ್‌ನಲ್ಲಿ ಇಬಿಎ ಅಂದರೆ ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಅದರ ಮುಂದೆ ಸಿ ಬಂದರೆ ಕಂಪ್ಯೂಟರ್, ಎಸ್ ಬಂದರೆ ಸ್ಟ್ಯಾಟಿಸ್ಟಿಕ್ಸ್, ಎಚ್ ಬಂದರೆ ಹಿಸ್ಟರಿ. ಆರ್ಟ್ಸ್‌ನ ಎಚ್ಇಪಿಎಸ್ ಅಂದರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ.

ಬೇಕಾದ ಸಾಮಾನು ಕಡಿಮೆ. ಒಂದು ನೂರು ಪುಟದ ನೋಟ್‌ಬುಕ್, ಗಡಿಯಾರ, ಪ್ರಥಮ ಪಿಯುಸಿ ಪುಸ್ತಕಗಳು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿಗೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಇರುವುದು. ಅದರ 11ನೇ ತರಗತಿ ಪುಸ್ತಕಗಳು ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಉಳಿದವನ್ನು ಸೀನಿಯರ್‌ಗಳ ಹತ್ತಿರ ಕೇಳಿ ತನ್ನಿ.

ಹಂತ 1: ಯಾವ ಬಾಗಿಲು ಮುಚ್ಚುತ್ತದೆ ಅಂತ ಮೊದಲು ನೋಡಿ

ಕಷ್ಟ-ಸುಲಭ ಆಮೇಲೆ. ಹೆಚ್ಚಿನ ಕಾಂಬಿನೇಷನ್ನುಗಳು ಕೆಲವು ದಾರಿಗಳನ್ನು ಪೂರ್ತಿ ಮುಚ್ಚಿಬಿಡುತ್ತವೆ. ಅದು ತಿಳಿಯದೆ ಸೇರಿ, ದ್ವಿತೀಯ ಪಿಯು ಮುಗಿದ ಮೇಲೆ ಪೇಚಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಬಯಾಲಜಿ ಬಿಟ್ಟರೆ ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ, ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್, ಬಿಎಸ್ಸಿ ಅಗ್ರಿಕಲ್ಚರ್ ಕಡೆ ಹೋಗುವುದು ಆಗುವುದಿಲ್ಲ. ಪಿಸಿಎಂಸಿ ತೆಗೆದುಕೊಂಡು "ಆಮೇಲೆ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ನೋಡೋಣ" ಅನ್ನುವುದು ಸರಿಯಲ್ಲ. ಫಾರ್ಮಸಿ ಮಾತ್ರ ಸ್ವಲ್ಪ ಉದಾರಿ. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸ್ ಅಥವಾ ಬಯಾಲಜಿ ಯಾವುದಿದ್ದರೂ ಒಪ್ಪುತ್ತದೆ.

ಮ್ಯಾಥ್ಸ್ ಬಿಟ್ಟರೆ ಎಂಜಿನಿಯರಿಂಗ್ ಹೋಯಿತು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ವಾಯುಪಡೆ, ನೌಕಾಪಡೆ ಸೇರುವುದೂ ಹೋಯಿತು. ಕಾಮರ್ಸ್, ಆರ್ಟ್ಸ್‌ನವರು ಕಡೆಗಣಿಸುವ ಸಂಗತಿ ಇನ್ನೊಂದಿದೆ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ 12ನೇ ತರಗತಿಯಲ್ಲಿ ಮ್ಯಾಥ್ಸ್ ಓದಿರಬೇಕು. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್‌ಗೂ ಅಷ್ಟೇ. ಬಿಸಿಎಗೆ ಮ್ಯಾಥ್ಸ್ ಕೇಳುವ ಕಾಲೇಜುಗಳಿವೆ, ಕೇಳದವೂ ಇವೆ. ಸೇರಬೇಕೆಂದಿರುವ ಕಾಲೇಜಿನಲ್ಲೇ ವಿಚಾರಿಸಿ.

ಯಾವ ಕಾಂಬಿನೇಷನ್‌ನಿಂದಲೂ ಹೋಗಬಹುದಾದ ದಾರಿಗಳು: ಸಿಎ ಫೌಂಡೇಶನ್ (ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಪರೀಕ್ಷೆ), ಐದು ವರ್ಷದ ಕಾನೂನು ಪದವಿ, ಬಿಬಿಎ, ಬಿಎ. ಮುಂದೆ ಪದವಿ ಮುಗಿದ ಮೇಲೆ ಕೆಎಎಸ್, ಐಎಎಸ್.

ಇಲ್ಲಿ ಎರಡು ಗುಂಡಿಗಳಿವೆ, ನೋಡಿಕೊಂಡು ನಡೆಯಿರಿ. ಒಂದು, "ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದರೆ ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕು" ಅನ್ನುವ ಮಾತು. ಇದು ಸುಳ್ಳು. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೇಲೆ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಬ್ರಾಂಚ್‌ಗೆ ಸೇರುತ್ತಾರೆ. ಎರಡು, "ಸೈನ್ಸ್ ಓದಿದರೆ ಎಲ್ಲ ಬಾಗಿಲೂ ತೆರೆದಿರುತ್ತದೆ" ಅನ್ನುವುದು. ಪಿಸಿಎಂಬಿ ಮಟ್ಟಿಗೆ ಕಾಗದದ ಮೇಲೆ ಅದು ನಿಜ. ಆದರೆ ಸಿಎ ಮಾಡಬೇಕು ಅಂತ ಗಟ್ಟಿ ಮನಸ್ಸಿರುವ ಹುಡುಗಿ ಸುಮ್ನೆ ಪಿಸಿಎಂಬಿಗೆ ಸೇರಿದರೆ, ಅಕೌಂಟೆನ್ಸಿಯನ್ನು ಎರಡು ವರ್ಷ ಓದಿ ಬಂದವರ ಜೊತೆ ಮೊದಲ ಪೇಪರಿನಲ್ಲೇ ಓಡಬೇಕಾಗುತ್ತದೆ.

ಹಂತ 2: "ಕಷ್ಟ" ಅನ್ನುವ ಪದವನ್ನು ಒಡೆಯಿರಿ

ವಿಷಯ ಕಷ್ಟ ಅಂದಾಗ ಜನ ಬೇರೆ ಬೇರೆ ಅರ್ಥದಲ್ಲಿ ಹೇಳುತ್ತಿರುತ್ತಾರೆ. ನನ್ನ ಲೆಕ್ಕದಲ್ಲಿ ಕಷ್ಟ ನಾಲ್ಕು ಬಗೆ.

ಮೊದಲನೆಯದು ಹೊರೆ. ಓದುವುದು ಜಾಸ್ತಿ, ಅರ್ಥವಾಗದ್ದು ಕಡಿಮೆ. ಬಯಾಲಜಿ ಇದಕ್ಕೆ ಒಳ್ಳೆಯ ಉದಾಹರಣೆ. 11ನೇ ತರಗತಿ ಪುಸ್ತಕದಲ್ಲಿ 19 ಪಾಠ, 12ರಲ್ಲಿ 13. ಒಂದೊಂದು ಪುಟದಲ್ಲೂ ಹೊಸ ಹೆಸರುಗಳು. ಹಿಸ್ಟರಿಯ ಹೊರೆಯೂ ಇದೇ ಜಾತಿಯದು.

ಎರಡನೆಯದು ಏಣಿ. ಕೆಳಗಿನ ಮೆಟ್ಟಿಲು ತಪ್ಪಿದರೆ ಮೇಲಿನದು ಹತ್ತಲಾಗುವುದಿಲ್ಲ. ಮ್ಯಾಥ್ಸ್ ಪೂರ್ತಿ ಏಣಿ. ಅಕೌಂಟೆನ್ಸಿಯೂ ಏಣಿಯೇ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ವರ್ಷ ಜರ್ನಲ್ ಎಂಟ್ರಿ ಸರಿಯಾಗಿ ಬರದಿದ್ದರೆ ಎರಡನೇ ವರ್ಷದ ಪಾಲುದಾರಿಕೆ ಲೆಕ್ಕ, ಶೇರು-ಡಿಬೆಂಚರ್ ಲೆಕ್ಕ ಒಂದೂ ಕೂಡಿ ಬರುವುದಿಲ್ಲ. ಜರ್ನಲ್ ಎಂಟ್ರಿ ಅಂದರೆ ಪ್ರತಿ ವ್ಯವಹಾರವನ್ನು ಯಾವ ಖಾತೆಗೆ ಖರ್ಚು (ಡೆಬಿಟ್), ಯಾವುದಕ್ಕೆ ಜಮಾ (ಕ್ರೆಡಿಟ್) ಅಂತ ಬರೆಯುವುದು. ಬಯಾಲಜಿಯಲ್ಲಿ ಒಂದು ಪಾಠ ಬಿಟ್ಟರೂ ಮುಂದಿನದು ಓದಬಹುದು. ಏಣಿ ವಿಷಯದಲ್ಲಿ ಹದಿನೈದು ದಿನ ಜ್ವರ ಬಂದು ಮಲಗಿದರೂ ಅದರ ಲೆಕ್ಕ ಮಾರ್ಚ್‌ವರೆಗೆ ತೀರುವುದಿಲ್ಲ.

ಮೂರನೆಯದು ತಿರುವು. ನಮಗೆ ಅನಿಸಿದ್ದಕ್ಕೂ ಸತ್ಯಕ್ಕೂ ಹೊಂದುವುದೇ ಇಲ್ಲ. ಫಿಸಿಕ್ಸ್ ತುಂಬ ಇದೇ. ಸೂತ್ರ ಬಾಯಿಪಾಠ ಇದ್ದರೂ ಲೆಕ್ಕ ಬಿಡಿಸಲು ಬರುವುದಿಲ್ಲ, ಏಕೆಂದರೆ ಯಾವ ಸೂತ್ರ ಎಲ್ಲಿ ಅಂತ ಕಾಣುವುದಿಲ್ಲ.

ನಾಲ್ಕನೆಯದು ಬರವಣಿಗೆ. ತಲೆಯಲ್ಲಿ ಇದೆ, ಪೇಪರಿನ ಮೇಲೆ ಇಳಿಯುವುದಿಲ್ಲ. ಹಿಸ್ಟರಿ, ಸೋಷಿಯಾಲಜಿ, ಪೊಲಿಟಿಕಲ್ ಸೈನ್ಸ್‌ನಲ್ಲಿ ಅಂಕ ಹೋಗುವುದು ಇಲ್ಲೇ. "ಆರ್ಟ್ಸ್ ಅಂದರೆ ಕಥೆ ಬರೆಯುವುದು" ಅಂದುಕೊಂಡು ಹೋದವರು ಹತ್ತು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಕ್ರಮವಾಗಿ ಬರೆಯಲಾಗದೆ ಕೂತಿರುತ್ತಾರೆ.

ಕೆಮಿಸ್ಟ್ರಿ ಮಾತ್ರ ಬೆರಕೆ. ಭೌತ ರಸಾಯನ ಭಾಗದಲ್ಲಿ ಲೆಕ್ಕ, ಅಜೈವಿಕದಲ್ಲಿ ಹೊರೆ, ಆರ್ಗ್ಯಾನಿಕ್ ಭಾಗದಲ್ಲಿ ಏಣಿ. ಅದಕ್ಕೇ ಒಬ್ಬರು "ಕೆಮಿಸ್ಟ್ರಿ ನೀರು ಕುಡಿದಷ್ಟು ಸುಲಭ" ಅಂದರೆ ಇನ್ನೊಬ್ಬರು ಅಳುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಈ ನಾಲ್ಕರಲ್ಲಿ ಯಾವ ಕಷ್ಟ ನಿಮಗೆ ತಡೆದುಕೊಳ್ಳಲು ಆಗುತ್ತದೆ? ದಿನಾ ನಾಲ್ಕು ಗಂಟೆ ಕೂತು ಓದುವುದು ಬೇಸರ ಬರುವುದಿಲ್ಲವೇ? ಅಥವಾ ಒಂದೇ ಲೆಕ್ಕದ ಹಿಂದೆ ಮುಕ್ಕಾಲು ಗಂಟೆ ಬೀಳುವ ಹಟ ಇದೆಯೇ? ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಎರಡು ವಾರ ಕಳೆದ ಮೇಲೆ ಹೋಲಿಸಲು ಬೇಕಾಗುತ್ತದೆ.

ಹಂತ 3: ಎಸ್ಸೆಸ್ಸೆಲ್ಸಿ ಅಂಕವನ್ನು ಅನುಮಾನದಿಂದ ನೋಡಿ

ಮ್ಯಾಥ್ಸ್‌ನಲ್ಲಿ 95 ಬಂದಿದೆ ಅಂದ ಮಾತ್ರಕ್ಕೆ ಪಿಯು ಮ್ಯಾಥ್ಸ್ ಕೈಗೆ ಸಿಗುತ್ತದೆ ಅಂತಲ್ಲ. ಆ ನೂರರಲ್ಲಿ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಉಳಿದ 80ರಲ್ಲಿ ಅಭ್ಯಾಸದ ಪ್ರಶ್ನೆಗಳೇ ಸ್ವಲ್ಪ ಸಂಖ್ಯೆ ಬದಲಿಸಿಕೊಂಡು ಬಂದಿರುವುದು ಹೆಚ್ಚು.

ಹೀಗೆ ಮಾಡಿ. ನಿಮ್ಮ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ತೆಗೆದು, ನೀವು ಸರಿ ಮಾಡಿದ ಪ್ರಶ್ನೆಗಳಿಗೆ ಗುರುತು ಹಾಕಿ. ಇದೇ ಮಾದರಿಯನ್ನು ಮೊದಲೇ ಮಾಡಿದ್ದೆ ಅನ್ನುವುದಕ್ಕೆ "ಹ", ಮೊದಲ ಸಲ ನೋಡಿದ್ದು ಆದರೂ ಬಿಡಿಸಿದೆ ಅನ್ನುವುದಕ್ಕೆ "ಹೊ". ಪಿಯುನಲ್ಲಿ ನಿಮ್ಮ ಕೈ ಹಿಡಿಯುವುದು ಹೊ ಗುಂಪು. 95 ಬಂದು ಹೊ ಗುಂಪಿನಲ್ಲಿ ಎರಡೇ ಇದ್ದರೆ ಎಚ್ಚರ. 72 ಬಂದಿದ್ದು, ಹೊಸ ಪ್ರಶ್ನೆಗಳನ್ನು ಹೇಗೋ ದಬ್ಬಿಕೊಂಡು ಹೋಗಿದ್ದರೆ, ಅಂಕ ಹೋದದ್ದು ಬರೀ ಅವಸರದ ತಪ್ಪಿಗಾದರೆ, ಹೆದರಬೇಕಾಗಿಲ್ಲ.

ಪಾಸಾದವರ ಶೇಕಡಾವಾರು ನೋಡಿ ಕಷ್ಟ ಅಳೆಯುವುದು ಇನ್ನೊಂದು ತಪ್ಪು. 2024ರ ದ್ವಿತೀಯ ಪಿಯು ಪರೀಕ್ಷೆ-1ರಲ್ಲಿ ವಿಜ್ಞಾನದಲ್ಲಿ ಶೇ 89.96, ವಾಣಿಜ್ಯದಲ್ಲಿ ಶೇ 80.94, ಕಲಾ ವಿಭಾಗದಲ್ಲಿ ಶೇ 68.36 ಮಂದಿ ಪಾಸಾದರು. ಬರೀ ಇದನ್ನು ನೋಡಿದರೆ ಆರ್ಟ್ಸ್ ಎಲ್ಲಕ್ಕಿಂತ ಕಷ್ಟ, ಸೈನ್ಸ್ ಎಲ್ಲಕ್ಕಿಂತ ಸುಲಭ ಅನ್ನಬೇಕಾಗುತ್ತದೆ! ಹಾಗಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂದವರು, ಓದಿನ ಜೊತೆ ಕೆಲಸಕ್ಕೂ ಹೋಗುವವರು ಆರ್ಟ್ಸ್‌ಗೆ ಜಾಸ್ತಿ ಸೇರುತ್ತಾರೆ. ಯಾರು ಬರೆದರು ಅನ್ನುವುದನ್ನು ಬಿಟ್ಟು ಎಷ್ಟು ಜನ ಪಾಸಾದರು ಅಂತ ಮಾತ್ರ ನೋಡಿದರೆ ದಾರಿ ತಪ್ಪುತ್ತೀರಿ. ಕಾಲೇಜಿನ ಮುಂದೆ ನೇತಾಡುವ "ಶೇ 100 ಫಲಿತಾಂಶ" ಬ್ಯಾನರಿಗೂ ಇದೇ ಮಾತು ಸಲ್ಲುತ್ತದೆ. 90ರ ಮೇಲೆ ಬಂದವರನ್ನೇ ಸೇರಿಸಿಕೊಂಡರೆ ಫಲಿತಾಂಶ ಬರದೆ ಏನಾಗುತ್ತದೆ?

ಹಂತ 4: ಕಚ್ಚಿ ನೋಡಿ

ಇದೇ ಮುಖ್ಯ ಹಂತ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಮನಸ್ಸಿನಲ್ಲಿರುವ ಪ್ರತಿ ವಿಷಯಕ್ಕೆ ಮೂರು ದಿನ ಕೊಡಿ. ಮೊದಲ ದಿನ ಒಂದು ಪಾಠದ ಅರ್ಧ ಓದಿ, ಉದಾಹರಣೆ ಲೆಕ್ಕಗಳನ್ನು ಪುಸ್ತಕ ನೋಡಿಕೊಂಡೇ ಬಿಡಿಸಿ. ಎರಡನೇ ದಿನ ಉಳಿದರ್ಧ. ಮೂರನೇ ದಿನ ಬೆಳಿಗ್ಗೆ ಪುಸ್ತಕ ಮುಚ್ಚಿ ಅಭ್ಯಾಸದ ಹತ್ತು ಪ್ರಶ್ನೆ ಮಾಡಿ. ವಿಡಿಯೋ ಪಾಠ ನೋಡಬೇಡಿ. ವಿಡಿಯೋದಲ್ಲಿ ಎಲ್ಲವೂ ಅರ್ಥವಾದ ಹಾಗೆಯೇ ಇರುತ್ತದೆ, ಅದು ಹೇಳುವವರ ಚಾಲಾಕಿ.

ಪಾಠ ಆರಿಸುವಾಗ ಜಾಗ್ರತೆ. ಎಲ್ಲ ಪುಸ್ತಕದ ಮೊದಲ ಪಾಠ ಮೆತ್ತಗಿರುತ್ತದೆ. ಫಿಸಿಕ್ಸ್‌ಗೆ ಅಳತೆ-ಮಾನಗಳ ಪಾಠ ಬಿಟ್ಟು, ನೇರ ದಾರಿಯ ಚಲನೆ ಪಾಠ ತೆಗೆಯಿರಿ. ಮ್ಯಾಥ್ಸ್‌ನಲ್ಲಿ ಸೆಟ್ಸ್ ಬೇಡ, ಟ್ರಿಗ್ನಾಮೆಟ್ರಿ. ಬಯಾಲಜಿಗೆ ಜೀವಕೋಶದ ಪಾಠ. ಕೆಮಿಸ್ಟ್ರಿಯಲ್ಲಿ ಮಾತ್ರ ಮೊದಲ ಪಾಠವೇ ಸರಿ, ಅದರಲ್ಲಿ ಮೋಲ್ ಲೆಕ್ಕ ಇದೆ. ಮೋಲ್ ಅಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ, ತುಂಬಾ ದೊಡ್ಡ ಡಜನ್ ಅಷ್ಟೇ.

ಮೂರನೇ ದಿನ ಈ ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ. ಉತ್ತರಕ್ಕಿಂತ ನೀವು ಎಡವಿದ ಜಾಗ ಮುಖ್ಯ.

ಕೆಮಿಸ್ಟ್ರಿ: 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಸೇರಿ ಉರಿದರೆ ಎಷ್ಟು ಗ್ರಾಂ ನೀರು? ಮೊದಲು ಬಾಯಿಗೆ ಬರುವ ಉತ್ತರ 20. ಸರಿ ಉತ್ತರ 18. 4 ಗ್ರಾಂ ಹೈಡ್ರೋಜನ್‌ಗೆ 32 ಗ್ರಾಂ ಆಕ್ಸಿಜನ್ ಬೇಕು, ಇರುವುದು ಅದರ ಅರ್ಧ. ಹಾಗಾಗಿ 2 ಗ್ರಾಂ ಹೈಡ್ರೋಜನ್ ಹಾಗೇ ಉಳಿಯುತ್ತದೆ. ಇಡ್ಲಿಗೆ ಅಕ್ಕಿ ಎಷ್ಟಿದ್ದರೇನು, ಉದ್ದು ಮುಗಿದ ಮೇಲೆ ಹಿಟ್ಟೂ ಮುಗಿಯಿತು. ವಿವರಣೆ ಓದಿದ ಮೇಲೆ ಇಂಥದ್ದೇ ಇನ್ನೊಂದನ್ನು ನೀವೇ ಬಿಡಿಸಿದರೆ ಸಾಕು. 20 ಅಂತ ಮೊದಲು ಹೇಳಿದ್ದಕ್ಕೆ ಬೇಸರ ಬೇಡ.

ಫಿಸಿಕ್ಸ್: ಕಲ್ಲನ್ನು ನೇರ ಮೇಲಕ್ಕೆ ಎಸೆದಿರಿ. ತುತ್ತತುದಿಯಲ್ಲಿ ಅದರ ವೇಗ ಸೊನ್ನೆ. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಸೊನ್ನೆ ಅಂದಿರಾ? ಅದು ಆಗಲೂ ಕೆಳಮುಖವಾಗಿ 9.8 ಮೀಟರ್ ಪ್ರತಿ ಸೆಕೆಂಡ್ ವರ್ಗ. ಸೊನ್ನೆ ಆಗಿದ್ದರೆ ಕಲ್ಲು ಅಲ್ಲೇ ನೇತಾಡಬೇಕಿತ್ತು. ಈ ವಿವರಣೆ ಕೇಳಿ "ಅರೆ, ಹೌದಲ್ಲ!" ಅನಿಸಿದರೆ ಫಿಸಿಕ್ಸ್ ನಿಮಗೆ ಒಗ್ಗುವ ಲಕ್ಷಣ. "ಸರಿ, 9.8 ಅಂತ ಬರೆದುಕೊಳ್ತೀನಿ" ಅನಿಸಿದರೆ ಇನ್ನೆರಡು ದಿನ ಹೆಚ್ಚು ಕೊಟ್ಟು ನೋಡಿ.

ಮ್ಯಾಥ್ಸ್: ಸೈನ್ 75 ಡಿಗ್ರಿ ಎಷ್ಟು? 75 ಅಂದರೆ 45 ಕೂಡಿಸು 30. ಹಾಗಾದರೆ ಎರಡರ ಸೈನ್ ಕೂಡಿಸಿದರೆ ಆಯ್ತಲ್ವಾ? ಕೂಡಿಸಿ ನೋಡಿ, ಸುಮಾರು 1.207 ಬರುತ್ತದೆ. ಸೈನ್ ಬೆಲೆ 1 ದಾಟುವ ಹಾಗಿಲ್ಲ. ಇಲ್ಲಿ ನಾನು ನೋಡುವುದು ಒಂದೇ: ತಪ್ಪು ಉತ್ತರ ಬಂದಾಗ "ಇದು ಸಾಧ್ಯವೇ ಇಲ್ಲ" ಅಂತ ನಿಮಗೇ ಅನಿಸಿತಾ? ಅನಿಸಿದರೆ ಸರಿಯಾದ ಸೂತ್ರ ಕಲಿಯುವುದು ಹತ್ತು ನಿಮಿಷದ ಕೆಲಸ.

ಅಕೌಂಟೆನ್ಸಿ: ಅಂಗಡಿ ಬಾಡಿಗೆ 5,000 ರೂಪಾಯಿ ನಗದು ಕೊಟ್ಟಿರಿ. ಬಾಡಿಗೆ ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್. ಈಗ ಮಾಲೀಕರು 2,000 ರೂಪಾಯಿಯ ಸಾಮಾನನ್ನು ಅಂಗಡಿಯಿಂದ ಮನೆಗೆ ಒಯ್ದರು. ಅವರದ್ದೇ ಅಂಗಡಿ, ಅವರದ್ದೇ ಸಾಮಾನು, ಬರೆಯುವುದು ಏನಿದೆ? ಇದೆ. ಲೆಕ್ಕದಲ್ಲಿ ಅಂಗಡಿ ಬೇರೆ, ಮಾಲೀಕರು ಬೇರೆ. ಡ್ರಾಯಿಂಗ್ಸ್ (ಮಾಲೀಕರು ಸ್ವಂತಕ್ಕೆ ತೆಗೆದುಕೊಂಡದ್ದು) ಖಾತೆ ಡೆಬಿಟ್, ಪರ್ಚೇಸ್ ಖಾತೆ ಕ್ರೆಡಿಟ್. ಈ ಬೇರ್ಪಡಿಕೆ ತಲೆಗೆ ಹೊಕ್ಕರೆ ಅಕೌಂಟೆನ್ಸಿಯ ಮೊದಲ ಮೆಟ್ಟಿಲು ಹತ್ತಿದಿರಿ.

ಎಕನಾಮಿಕ್ಸ್: ಮಾವಿನ ಬೆಲೆ ಏರಿತು, ಜನ ಕಡಿಮೆ ಕೊಂಡರು. ಬೇಡಿಕೆಯ ಗೆರೆ ಎಡಕ್ಕೆ ಸರಿಯಿತಾ? ಇಲ್ಲ, ಅದೇ ಗೆರೆಯ ಮೇಲೆ ನಾವು ಮೇಲಕ್ಕೆ ಹೋದೆವು. ಜನರ ಆದಾಯ ಕಡಿಮೆಯಾಗಿದ್ದರೆ ಗೆರೆಯೇ ಸರಿಯುತ್ತಿತ್ತು. ಗ್ರಾಫ್ ಅಂದರೆ ಓಡಿಹೋಗುವವರು ಇದನ್ನು ಎರಡು ಸಲ ಮಾಡಿ ನೋಡಿ.

ಹಿಸ್ಟರಿಗೆ ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು 15 ನಿಮಿಷದಲ್ಲಿ 20 ಸಾಲು ಬರೆಯಿರಿ. ಕಾರಣ ಮೊದಲು, ಘಟನೆ ಆಮೇಲೆ, ಪರಿಣಾಮ ಕೊನೆಗೆ ಬಂದಿದೆಯಾ ಅಂತ ಮನೆಯಲ್ಲಿ ಯಾರಿಗಾದರೂ ಓದಲು ಕೊಡಿ. ಅಜ್ಜನೇ ಆದರೂ ಪರವಾಗಿಲ್ಲ. ಅವರಿಗೆ ಅರ್ಥವಾದರೆ ಮೌಲ್ಯಮಾಪಕರಿಗೂ ಆಗುತ್ತದೆ.

ಪ್ರತಿ ವಿಷಯ ಮುಗಿದಾಗ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ. ಒಟ್ಟು ಎಷ್ಟು ಗಂಟೆ ಹಿಡಿಯಿತು. ಹತ್ತರಲ್ಲಿ ಎಷ್ಟು ಸರಿ ಬಂತು. ಮೂರನೇ ದಿನ ಬೆಳಿಗ್ಗೆ ಪುಸ್ತಕ ತೆರೆಯಲು ಮನಸ್ಸು ಬಂತಾ, ಬಲವಂತವಾಗಿ ತೆರೆದಿರಾ. ಮೂರನೇ ಸಾಲಿಗೆ ನಾನು ಮೊದಲ ಎರಡಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಹತ್ತಕ್ಕೆ ಐದು ಬಂದಿದ್ದೂ ತೆರೆಯಲು ಮನಸ್ಸು ಬಂದರೆ ಆ ವಿಷಯ ನಡೆಯುತ್ತದೆ. ಎಂಟು ಬಂದು ಮನಸ್ಸು ಬರದಿದ್ದರೆ ಎರಡು ವರ್ಷ ಎಳೆಯುವುದು ಭಾರ.

ಹಂತ 5: ನಾಲ್ಕನ್ನೂ ಒಟ್ಟಿಗೆ ತೂಗಿ

ಇಲ್ಲಿಯವರೆಗೆ ಒಂದೊಂದೇ ವಿಷಯ ನೋಡಿದಿರಿ. ಓದಬೇಕಾದ್ದು ನಾಲ್ಕನ್ನೂ ಒಟ್ಟಿಗೆ. ಪಿಸಿಎಂಬಿಯ ಎರಡು ವರ್ಷದ ಎನ್‌ಸಿಇಆರ್‌ಟಿ ಪಾಠಗಳನ್ನು ಎಣಿಸಿದರೆ ಮೊದಲ ವರ್ಷ 56, ಎರಡನೇ ವರ್ಷ 50. ಒಟ್ಟು 106. ಜೊತೆಗೆ ಎರಡು ಭಾಷೆ, ಪ್ರಾಕ್ಟಿಕಲ್.

ಪಿಸಿಎಂಬಿ ತೆಗೆದುಕೊಳ್ಳುವ ಬಹಳ ಮಂದಿ "ಮೆಡಿಕಲ್, ಎಂಜಿನಿಯರಿಂಗ್ ಎರಡೂ ಇರಲಿ" ಅಂತ ತೆಗೆದುಕೊಳ್ಳುತ್ತಾರೆ. ಇನ್ನೂ ನಿರ್ಧಾರ ಆಗದವರಿಗೆ ಅದು ತಪ್ಪಲ್ಲ. ಆದರೆ ಎಂಜಿನಿಯರಿಂಗ್ ಅಂತ ಖಚಿತ ಇದ್ದರೆ ಬಯಾಲಜಿಯ ಹೊರೆ ಯಾಕೆ? ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಹಗುರ ಬೀಳುತ್ತದೆ. ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಸೂಚ್ಯಂಕ, ಕಾಲಶ್ರೇಣಿ, ಸಂಭವನೀಯತೆಯ ಲೆಕ್ಕ ಎಲ್ಲ ಮುಂದೆ ಡೇಟಾ ಕೆಲಸಕ್ಕೆ ಹೋಗುವವರಿಗೆ ನೇರ ಉಪಯೋಗ. ಕಾಮರ್ಸ್‌ನಲ್ಲಿ ಎಸ್‌ಇಬಿಎ ತೆಗೆದುಕೊಂಡರೆ ಸಿಎ ಫೌಂಡೇಶನ್‌ನ ಮೂರನೇ ಪೇಪರಿಗೂ ಕೈಕೊಡುವುದಿಲ್ಲ. ಅದರಲ್ಲಿ ಬಿಸಿನೆಸ್ ಮ್ಯಾಥ್ಸ್, ಲಾಜಿಕಲ್ ರೀಸನಿಂಗ್, ಸ್ಟ್ಯಾಟಿಸ್ಟಿಕ್ಸ್ ಸೇರಿರುತ್ತವೆ.

ನೀಟ್ ಗುರಿ ಇದ್ದು ಮ್ಯಾಥ್ಸ್ ಬೇಡವೇ ಬೇಡ ಅನ್ನುವವರಿಗೆ: ಮ್ಯಾಥ್ಸ್ ಬದಲು ಬೇರೆ ವಿಷಯ ಇಟ್ಟ ಕಾಂಬಿನೇಷನ್ ಕೆಲವು ಕಾಲೇಜುಗಳಲ್ಲಿ ಸಿಗುತ್ತದೆ. ಆದರೆ ಫಿಸಿಕ್ಸ್‌ಗೆ ಮ್ಯಾಥ್ಸ್ ಬೇಕೇ ಬೇಕು. ಅದರಲ್ಲೂ ಒಂದು ಎಡವಟ್ಟಿದೆ. ಫಿಸಿಕ್ಸ್‌ನ ಎರಡನೇ ಪಾಠದಲ್ಲೇ ಡೆರಿವೇಟಿವ್ ಬಂದುಬಿಡುತ್ತದೆ. ಡೆರಿವೇಟಿವ್ ಅಂದರೆ ಒಂದು ಕ್ಷಣದಲ್ಲಿ ಏನೋ ಎಷ್ಟು ವೇಗವಾಗಿ ಬದಲಾಗುತ್ತಿದೆ ಅನ್ನುವ ಲೆಕ್ಕ. ಮ್ಯಾಥ್ಸ್ ಪುಸ್ತಕದಲ್ಲಿ ಅದು ಬರುವುದು 12ನೇ ಪಾಠಕ್ಕೆ. ಶುರುವಿನ ತಿಂಗಳುಗಳಲ್ಲಿ ಮಕ್ಕಳು "ಫಿಸಿಕ್ಸ್ ಅರ್ಥವಾಗ್ತಿಲ್ಲ" ಅಂತ ಅಳುವುದಕ್ಕೆ ಅರ್ಧ ಕಾರಣ ಇದೇ. ಕಾಲೇಜು ಶುರುವಾಗುವ ಮೊದಲು ಆ ಮ್ಯಾಥ್ಸ್ ಪಾಠದ ಮೊದಲ ಕೆಲವು ಪುಟ ಓದಿಟ್ಟುಕೊಳ್ಳಿ.

ಹಂತ 6: ಯಾವ ಪರೀಕ್ಷೆಗೆ ಓದುತ್ತಿದ್ದೀರಿ?

ಒಂದೇ ಫಿಸಿಕ್ಸ್ ಬೇರೆ ಬೇರೆ ಪರೀಕ್ಷೆಯಲ್ಲಿ ಬೇರೆ ಬೇರೆ ಕಷ್ಟ. ಬೋರ್ಡ್ ಪರೀಕ್ಷೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ 70 ಅಂಕ ಬರವಣಿಗೆ, 30 ಪ್ರಾಕ್ಟಿಕಲ್. ಸೂತ್ರದ ಸಾಧನೆ (ಡೆರಿವೇಷನ್), ಚಿತ್ರ, ವಿವರಣೆ ಬರೆದರೆ ಹಂತ ಹಂತಕ್ಕೂ ಅಂಕ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಬಯಾಲಜಿ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಅಂಕ ಕಡಿತ. ದೇಶಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ. ಎಣಿಕೆ ಕಡಿಮೆ, ಒಂದೊಂದೂ ಗಟ್ಟಿ.

ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಕೊಡುವಾಗ ದ್ವಿತೀಯ ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದು ದಡ್ಡತನ. ಭಾಷೆಯ ಅಂಕ ಆ ರ‍್ಯಾಂಕಿಗೆ ಸೇರುವುದಿಲ್ಲ ನಿಜ, ಆದರೆ ಫೇಲಾದರೆ ಎಲ್ಲವೂ ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಬೀಳುವ ಗುಂಡಿ ಪ್ರಥಮ ಪಿಯುಸಿ. ಅದರ ಅಂಕ ಕೊನೆಯ ಮಾರ್ಕ್ಸ್‌ಕಾರ್ಡಿಗೆ ಬರುವುದಿಲ್ಲ ಅಂತ ಒಂದು ವರ್ಷ ಆರಾಮಾಗಿ ಕಳೆಯುತ್ತಾರೆ. ಸಿಇಟಿ, ನೀಟ್, ಜೆಇಇ ಮೂರರಲ್ಲೂ ಮೊದಲ ವರ್ಷದ ಪಾಠ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗಲೇ ಒಂದು ಸಲ ತಿರುವಿ ಹಾಕಿ. ಬಿಡಿಸಲು ಅಲ್ಲ, ಯಾವ ರೀತಿ ಕೇಳುತ್ತಾರೆ ಅಂತ ನೋಡಲು.

ಹಂತ 7: ಕನ್ನಡ ಮಾಧ್ಯಮದಿಂದ ಬಂದವರಿಗೆ

ನಿಮ್ಮ ಮೊದಲ ಮೂರು ತಿಂಗಳ ಕಷ್ಟ ವಿಷಯದ್ದಲ್ಲ, ಹೆಸರಿನದ್ದು. ವೇಗೋತ್ಕರ್ಷ ಏನು ಅಂತ ನಿಮಗೆ ಚೆನ್ನಾಗಿ ಗೊತ್ತು. ತರಗತಿಯಲ್ಲಿ ಆಕ್ಸಿಲರೇಷನ್ ಅಂದಾಗ ಅದೇ ಇದು ಅಂತ ಹೊಳೆಯುವುದಿಲ್ಲ. ಸಂವೇಗ ಮೊಮೆಂಟಮ್ ಆಗಿರುತ್ತದೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗಿರುತ್ತದೆ. ಅದನ್ನೇ ವಿಷಯ ಕಷ್ಟ ಅಂದುಕೊಂಡು ಕಾಂಬಿನೇಷನ್ ಬದಲಿಸಬೇಡಿ.

ಹತ್ತನೇ ತರಗತಿ ವಿಜ್ಞಾನ, ಗಣಿತ ಪುಸ್ತಕಗಳ ಕನ್ನಡ ಮತ್ತು ಇಂಗ್ಲಿಷ್ ಪ್ರತಿ ಎರಡನ್ನೂ ಪಕ್ಕ ಪಕ್ಕ ಇಟ್ಟು, ದಿನಕ್ಕೆ 20 ಪದ ಎರಡು ಕಾಲಂನಲ್ಲಿ ಬರೆಯಿರಿ. ರಜೆಯಲ್ಲೇ ಮುನ್ನೂರು-ನಾನೂರು ಪದ ಆಗುತ್ತದೆ. ಹಂತ 4ರ ಪರೀಕ್ಷೆ ಮಾಡುವಾಗ, ಎಡವಿದ್ದು ಪದಕ್ಕೋ ಲೆಕ್ಕಕ್ಕೋ ಅಂತ ಬೇರೆ ಬೇರೆ ಗುರುತು ಹಾಕಿ. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲೂ ಬರೆಯಬಹುದು ಅನ್ನುವುದು ಗೊತ್ತಿರಲಿ.

ಹಂತ 8: ಕಾಲೇಜಿಗೆ ಹೋಗಿ ಕೇಳಬೇಕಾದ್ದು

ಕಟ್ಟಡ, ಸಮವಸ್ತ್ರ ನೋಡಿ ಬರಬೇಡಿ. ಇಷ್ಟು ಕೇಳಿ: ನಾಲ್ಕೂ ವಿಷಯಕ್ಕೆ ಈಗ ಉಪನ್ಯಾಸಕರು ಇದ್ದಾರಾ? ಅತಿಥಿ ಉಪನ್ಯಾಸಕರಾದರೆ ಯಾವ ತಿಂಗಳಿಂದ ಬರುತ್ತಾರೆ? ಪ್ರಯೋಗಾಲಯಕ್ಕೆ ವಾರಕ್ಕೆ ಎಷ್ಟು ಸಲ? ಮ್ಯಾಥ್ಸ್‌ಗೆ ಮೂರು ತಿಂಗಳು ಯಾರೂ ಇಲ್ಲದ ಕಾಲೇಜಿನಲ್ಲಿ ಸುಲಭದ ಕಾಂಬಿನೇಷನ್ನೂ ಕಷ್ಟವೇ.

ಕೋಚಿಂಗ್ ಸೇರಿಸಿ ಕೊಡುವ ಇಂಟಿಗ್ರೇಟೆಡ್ ಕಾಲೇಜಾದರೆ ಬೆಳಿಗ್ಗೆ ಎಷ್ಟಕ್ಕೆ ಶುರು, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಫೀಸ್ ಎಷ್ಟು ವಾಪಸ್ ಅಂತ ಬರಹದಲ್ಲಿ ಕೇಳಿ. ಕಳೆದ ವರ್ಷದ ಟಾಪರ್ ಜೊತೆ ಮಾತಾಡಿಸುತ್ತೇವೆ ಅಂದರೆ ಬೇಡ ಅನ್ನಿ. ನಡುಗುಂಪಿನಲ್ಲಿ, 60-65ರ ಆಸುಪಾಸಿನಲ್ಲಿ ಪಾಸಾದವರನ್ನು ಹುಡುಕಿ ಮಾತಾಡಿಸಿ. ಕಾಲೇಜು ಹೇಗೆ ನಡೆಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಪೋಷಕರಿಗೆ ಇಲ್ಲೇ ಒಂದು ಮಾತು. ಮಗು ಹಂತ 4 ಮಾಡಿದ ನೋಟ್‌ಬುಕ್ ಕೈಯಲ್ಲಿದ್ದರೆ ಅದನ್ನು ನೋಡಿ ಮಾತಾಡಿ. ದೊಡ್ಡಪ್ಪನ ಮಗ ಏನು ಓದಿದ ಅನ್ನುವುದನ್ನು ಬಿಡಿ. ಥಿಯರಿಗಿಂತ ಕೈಕೆಲಸದಲ್ಲೇ ಮಗುವಿಗೆ ಹುರುಪು ಅಂತ ಕಂಡರೆ ಪಾಲಿಟೆಕ್ನಿಕ್ ಡಿಪ್ಲೊಮಾ ಕೂಡ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಆಮೇಲೆ ಡಿಪ್ಲೊಮಾ ಮಾಡಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು.

ಹಂತ 9: ಸೇರಿದ ಮೇಲೆ ಮೊದಲ ಆರು ವಾರ

ಸೇರಿದ ದಿನ ರಶೀದಿಯಲ್ಲಿ, ಪ್ರವೇಶ ಅರ್ಜಿಯಲ್ಲಿ ಕಾಂಬಿನೇಷನ್, ಎರಡು ಭಾಷೆ, ಮಾಧ್ಯಮ ಸರಿಯಾಗಿ ಬರೆದಿದೆಯಾ ನೋಡಿ. ಪಿಸಿಎಂಸಿ ಜಾಗದಲ್ಲಿ ಪಿಸಿಎಂಇ ಅಂತ ಬಿದ್ದಿದ್ದರೆ ಅವತ್ತೇ ತಿದ್ದಿಸಿ. ಮಾಹಿತಿ ಬೋರ್ಡಿಗೆ ಹೋದ ಮೇಲೆ ಅಲೆದಾಟ.

ಮೊದಲ ಕಿರುಪರೀಕ್ಷೆ ಆಗುವವರೆಗೆ ಹಂತ 4ರ ಮೂರು ಸಾಲನ್ನು ವಾರಕ್ಕೊಮ್ಮೆ ಬರೆಯುತ್ತಾ ಹೋಗಿ. ಒಂದು ವಿಷಯದಲ್ಲಿ ಆರು ವಾರವೂ ಗಂಟೆ ಏರುತ್ತಾ, ಸರಿ ಉತ್ತರ ಇಳಿಯುತ್ತಾ, ಪುಸ್ತಕ ತೆರೆಯಲು ಮನಸ್ಸೂ ಬರದೆ ಇದ್ದರೆ ಮೊದಲು ಆ ವಿಷಯದ ಉಪನ್ಯಾಸಕರಿಗೆ ನೋಟ್‌ಬುಕ್ ತೋರಿಸಿ. ಪದದ ತೊಂದರೆಯಾ, ಕೆಳಗಿನ ಮೆಟ್ಟಿಲು ಬಿಟ್ಟುಹೋಗಿದೆಯಾ ಅಂತ ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಅದೆರಡೂ ಅಲ್ಲವಾದರೆ ಕಾಂಬಿನೇಷನ್ ಬದಲಾವಣೆಗೆ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಬದಲಿಸಲು ಅವಕಾಶ ಇರುವುದು ವರ್ಷದ ಶುರುವಿನಲ್ಲಿ ಮಾತ್ರ, ಅದೂ ಆ ಕಾಂಬಿನೇಷನ್‌ನಲ್ಲಿ ಸೀಟು ಉಳಿದಿದ್ದರೆ. ಕೊನೆಯ ದಿನ ಯಾವುದು ಅಂತ ಸೇರುವ ದಿನವೇ ಆಫೀಸಿನಲ್ಲಿ ಕೇಳಿ, ಅದೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ದಿನಾಂಕ ಬರೆದುಕೊಳ್ಳಿ.